ಇನ್ನು ಮುಂದೆ ಬರುವ ಮಾರ್ಬಲ್ ಕ್ವೀನ್ ಬಳ್ಳಿಯಲ್ಲಿ ಹಸಿರು ಹೆಚ್ಚಿರುತ್ತದೆ

ಆತ್ಮೀಯ ಗ್ರಾಹಕರೇ,

ಮಾರ್ಬಲ್ ಕ್ವೀನ್ ಮನಿ ಪ್ಲಾಂಟ್‌ಗೆ ಹೆಸರು ಬರೆಸಿ ಕಾಯುತ್ತಿರುವವರಿಗೆ ವಿಷಯವನ್ನು ನೇರವಾಗಿ ಹೇಳಿಬಿಡುತ್ತೇವೆ. ಮುಕ್ಕಾಲು ಪಾಲು ಬಿಳಿಯೇ ಇರುವ ಬಳ್ಳಿಗಳನ್ನು ಇನ್ನು ಕೊಡುವುದಿಲ್ಲ. ಎಲೆಯಲ್ಲಿ ಹೆಚ್ಚುಕಮ್ಮಿ ಅರ್ಧ ಹಸಿರು, ಅರ್ಧ ಬಿಳಿ ಇದ್ದು, ಕಾಂಡದ ಮೇಲೂ ಬಿಳಿ ಗೆರೆ ಕಾಣುವ ಬಳ್ಳಿಗಳು ಮಾತ್ರ ನಿಮ್ಮ ಕೈ ಸೇರುತ್ತವೆ. ಬೇರಿಲ್ಲದ ಕಡ್ಡಿ ಮಾರುವುದನ್ನೂ ನಿಲ್ಲಿಸಿದ್ದೇವೆ. ಹೊಸ ಎಲೆ ಬರುವವರೆಗೆ ಕಡ್ಡಿಯ ಬಣ್ಣ ಖಚಿತವಾಗಿ ಹೇಳಲಾಗದು ಎಂದು ಹಳಬರಿಗೆ ಗೊತ್ತೇ ಇದೆ. ಇದರಿಂದ ಕಾಯುವ ದಿನಗಳು ಹೆಚ್ಚಾಗುತ್ತವೆ, ಅದಕ್ಕೆ ಕ್ಷಮೆಯಿರಲಿ. ಆದರೆ ಗಿಡದ ವಿಷಯದಲ್ಲಿ ಕ್ಷಮೆ ಕೇಳುವ ಅಗತ್ಯ ನಮಗೆ ಕಾಣುತ್ತಿಲ್ಲ. ಇದು ಮೊದಲಿಗಿಂತ ಗಟ್ಟಿ ಗಿಡ.

"ಮನಿ ಪ್ಲಾಂಟ್ ಎಲ್ಲರೂ ಪುಕ್ಕಟೆ ಕೊಡ್ತಾರೆ, ನಿಮ್ಮದಕ್ಕೆ ಯಾಕಿಷ್ಟು ದರ?" ಎನ್ನುವವರಿದ್ದಾರೆ. ಪುಕ್ಕಟೆ ಸಿಗುವುದು ಹಸಿರು ಬಳ್ಳಿ, ಅದು ಎಲ್ಲಿ ಚುಚ್ಚಿದರೂ ಓಡುತ್ತದೆ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು (ಬೆಳಕಿನಿಂದ ಆಹಾರ ತಯಾರಿಸುವ ಹಸಿರು ವಸ್ತು) ಇಲ್ಲ. ದುಡಿಯುವುದು ಹಸಿರು ಭಾಗ, ಬಿಳಿಯದು ಕೂತು ಉಣ್ಣುತ್ತದೆ. ಹಾಗಾಗಿ ಬೆಳವಣಿಗೆ ನಿಧಾನ. ಒಂದು ಎಲೆ, ಒಂದು ಗೆಣ್ಣು (ಎಲೆ ಕಾಂಡಕ್ಕೆ ಸೇರುವ ಗಂಟು), ಒಂದು ಗಾಳಿಬೇರು ಇರುವಂತೆ ಕಡ್ಡಿ ಕತ್ತರಿಸಿ ನೀರಿಗಿಟ್ಟರೆ ಬೇರು 3ರಿಂದ 5 ಸೆಂಟಿಮೀಟರ್ ಆಗಲು ಮೂರ್ನಾಲ್ಕು ವಾರ ಬೇಕು. ಕುಂಡ ತುಂಬಿ ಕಾಣಲು ಇಂಥ ನಾಲ್ಕೈದು ಕಡ್ಡಿ ಬೇಕು. ಅಷ್ಟಾದರೂ ಹೊಸ ಎಲೆ ಬಿಚ್ಚಿಕೊಳ್ಳುವವರೆಗೆ ಕಡ್ಡಿಯ ಚಿಗುರುಮೊಗ್ಗಿನಲ್ಲಿ ಎಂಥ ಬಣ್ಣ ಅಡಗಿದೆ ಎಂದು ಖಚಿತವಾಗಿ ಹೇಳಲಾಗದು. ಎರಡು ಹೊಸ ಎಲೆ ನೋಡಿದ ಮೇಲೆ ಅಚ್ಚ ಹಸಿರಿನವನ್ನೂ ಅಚ್ಚ ಬಿಳಿಯವನ್ನೂ ತೆಗೆದುಹಾಕುತ್ತೇವೆ. ಅವೂ ಅಷ್ಟೇ ದಿನ ಅದೇ ಜಾಗ, ಅದೇ ನೀರು ತಿಂದಿರುತ್ತವೆ. ಕಡ್ಡಿ ನೆಡುವ ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ನೆನೆಸಿ, ಉಪ್ಪು ಹೋಗುವಂತೆ ಎರಡು ಮೂರು ಸಲ ತೊಳೆದೇ ಬಳಸಬೇಕು. ಇಲ್ಲದಿದ್ದರೆ ಬಿಳಿ ಅಂಚು ಮೊದಲು ಸುಡುತ್ತದೆ. ಇದಾವುದೂ ನಿಮಗೆ ತಲುಪುವ ಕುಂಡದಲ್ಲಿ ಕಾಣುವುದಿಲ್ಲ, ನಿಜ. ಆದರೆ ದರದಲ್ಲಿ ಇರುವುದು ಇದೇ.

ಈಗ ಪದೇ ಪದೇ ಬರುವ ದೂರಿಗೆ ಬರೋಣ. "ಬಂದಾಗ ಬಿಳಿ ಇತ್ತು, ನಮ್ಮನೆಗೆ ಬಂದು ಹಸಿರಾಯ್ತು, ಔಷಧಿ ಹಾಕಿ ಬಿಳಿ ಮಾಡಿ ಕೊಟ್ಟಿದ್ದೀರಿ." ಹಾಗೆ ಬಿಳಿ ಮಾಡುವ ಔಷಧಿಯೂ ಇಲ್ಲ, ಗೊಬ್ಬರವೂ ಇಲ್ಲ. ಯಾರಾದರೂ ಇದೆಯೆಂದು ಮಾರಿದರೆ ದಯವಿಟ್ಟು ಕೊಳ್ಳಬೇಡಿ.

ಹಸಿರಾಗುವುದರಲ್ಲಿ ಎರಡು ಬಗೆ. ಹೊಸ ಎಲೆಗಳಲ್ಲಿ ಬಿಳಿ ಕಮ್ಮಿಯಾಗುತ್ತಾ ಗೆಣ್ಣುಗಳ ನಡುವಿನ ಅಂತರ ಉದ್ದವಾದರೆ ಬೆಳಕು ಸಾಲದು ಎಂದರ್ಥ. ನಡುಮಧ್ಯಾಹ್ನ ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿನ ಅಂಚು ತಿಳಿಯುವಂತಿದ್ದರೆ ಬೆಳಕು ಸಾಕು; ನೆರಳೇ ಬೀಳದಿದ್ದರೆ ಕುಂಡವನ್ನು ಕಿಟಕಿಯ ಹತ್ತಿರಕ್ಕೆ, ಎರಡು ಮೂರು ಅಡಿ ಅಂತರದೊಳಗೆ ತನ್ನಿ. ಬೆಳಗಿನ ಎಳೆಬಿಸಿಲು ಬಿದ್ದರೆ ತೊಂದರೆಯಿಲ್ಲ, ಮಧ್ಯಾಹ್ನದ ಬಿಸಿಲು ಬಿದ್ದರೆ ಬಿಳಿ ಭಾಗ ಕಂದು ಕಾಗದದಂತಾಗುತ್ತದೆ. ಗಿಡ ಬೆಳೆಸುವ ದೀಪ (ಗ್ರೋ ಲೈಟ್) ಇದ್ದರೆ ದಿನಕ್ಕೆ 10ರಿಂದ 12 ಗಂಟೆ ಉರಿಸಿ.

ಇನ್ನೊಂದು ಬಗೆ, ಬೆಳಕು ಚೆನ್ನಾಗಿದ್ದರೂ ಒಂದೇ ಬಳ್ಳಿ ಅಚ್ಚ ಹಸಿರಾಗಿ ಸರಸರ ಓಡುವುದು. ಇದನ್ನು ಹಾಗೇ ಬಿಟ್ಟರೆ ಅದೇ ಕುಂಡವನ್ನೆಲ್ಲ ಆವರಿಸುತ್ತದೆ, ಕತ್ತರಿಸಲೇಬೇಕು. ತುದಿಯಿಂದ ಹಿಂದಕ್ಕೆ ಬನ್ನಿ. ಎರಡೂ ಬಣ್ಣವಿರುವ ಕೊನೆಯ ಎಲೆ ಸಿಕ್ಕಿತೇ? ಅಲ್ಲೇ ನಿಂತು ಕಾಂಡ ನೋಡಿ. ಎಲೆತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಸಣ್ಣ ಮೊಗ್ಗಿರುತ್ತದೆ. ಬಿಳಿ ಗೆರೆ ಆ ಮೊಗ್ಗಿನ ಬುಡದಲ್ಲಿ ಹಾದುಹೋಗಿರಬೇಕು. ಗೆರೆ ಕಾಂಡದ ಇನ್ನೊಂದು ಮಗ್ಗುಲಲ್ಲಿದ್ದರೆ ಮತ್ತೊಂದು ಗೆಣ್ಣು ಹಿಂದಕ್ಕೆ ಹೋಗಿ. ಆ ಗೆಣ್ಣಿನಿಂದ ತುದಿಯ ಕಡೆಗೆ ಒಂದು ಸೆಂಟಿಮೀಟರ್ ಬಿಟ್ಟು, ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ. ಕೆಲವು ವಾರಗಳಲ್ಲಿ ಆ ಮೊಗ್ಗು ಚಿಗುರುತ್ತದೆ. ಕತ್ತರಿಸಿದ ಹಸಿರು ತುಂಡನ್ನು ನೀರಿಗಿಡಿ, ಅದೂ ಗಿಡವೇ.

"ಬಿಳಿಯದೇ ಇಷ್ಟ, ಅದನ್ನೇ ಕೊಡಿ" ಎನ್ನುವವರ ಆಸೆ ಅರ್ಥವಾಗುತ್ತದೆ, ನೋಡಲು ಅದೇ ಚಂದ. ಆದರೆ ಪೂರ್ತಿ ಬಿಳಿ ಕಡ್ಡಿಗೆ ಬೇರು ಬಂದರೂ ಒಳಗಿದ್ದ ಆಹಾರ ಮುಗಿದ ಮೇಲೆ ಅದು ಸಾಯುತ್ತದೆ. ಸಾಯುವುದು ನಿಮ್ಮ ಮನೆಯಲ್ಲಿ, ಹೆಸರು ಕೆಡುವುದು ನಮ್ಮದು. ಅಂಥ ಬಳ್ಳಿ ಈಗಾಗಲೇ ನಿಮ್ಮಲ್ಲಿದ್ದು ಸಾಲಾಗಿ ಬಿಳಿ ಎಲೆಗಳನ್ನೇ ಬಿಡುತ್ತಿದ್ದರೆ, ಮೇಲೆ ಹೇಳಿದಂತೆಯೇ ಮಿಶ್ರ ಬಣ್ಣದ ಎಲೆಯವರೆಗೆ ಹಿಂದಕ್ಕೆ ಕತ್ತರಿಸಿ.

ಗಿಡ ಬಂದ ಕೂಡಲೇ ಕುಂಡ ಬದಲಿಸಬೇಡಿ, ಎರಡು ವಾರ ಹಾಗೇ ಇರಲಿ. ಬೆರಳು ಚುಚ್ಚಿ ನೋಡಿ, ಮೇಲಿನ 2ರಿಂದ 3 ಸೆಂಟಿಮೀಟರ್ ಒಣಗಿದ ಮೇಲೆ ತಳದಿಂದ ಹರಿಯುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಎಲೆಯ ಮೇಲೆ ಮೆತ್ತಗಿನ ಕಪ್ಪು ಕಲೆ ಬಂದರೆ ಸಾಮಾನ್ಯವಾಗಿ ನೀರು ಹೆಚ್ಚಾಗಿ ಬೇರು ಕೊಳೆಯುತ್ತಿದೆ. ಗರಿಗರಿ ಕಂದು ಅಂಚಿಗೆ ಬಿಸಿಲು, ಒಣಗಾಳಿ ಅಥವಾ ಗೊಬ್ಬರದ ಉಪ್ಪು ಕಾರಣ. ಗೊಬ್ಬರ ಡಬ್ಬಿಯ ಮೇಲೆ ಬರೆದಿರುವುದರ ಅರ್ಧದಷ್ಟು, ತಿಂಗಳಿಗೊಮ್ಮೆ ಸಾಕು. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಜಗಿದರೆ ಬಾಯಿ ಉರಿಯುತ್ತದೆ, ಮಕ್ಕಳು, ಬೆಕ್ಕು, ನಾಯಿಗೆ ಎಟುಕದಂತೆ ತೂಗುಹಾಕಿ.

ಎಲ್ಲಿ ಕತ್ತರಿಸಬೇಕೆಂದು ಧೈರ್ಯ ಬರದಿದ್ದರೆ ಫೋಟೊ ಕಳಿಸಿ, ಗುರುತು ಹಾಕಿ ವಾಪಸ್ ಕಳಿಸುತ್ತೇವೆ. ನಮ್ಮಲ್ಲಿ ಕೊಂಡ ಗಿಡವೇ ಆಗಬೇಕೆಂದಿಲ್ಲ. ಫೋಟೊದಲ್ಲಿ ಎಲೆಯ ಜೊತೆ ಗೆಣ್ಣು, ಕಾಂಡ ಎರಡೂ ಸ್ಪಷ್ಟವಾಗಿ ಕಾಣಲಿ; ಬರೀ ಎಲೆ ನೋಡಿ ನಾವೂ ಏನೂ ಹೇಳಲಾರೆವು.

ಇಂತಿ,
ನಿಮ್ಮ ನರ್ಸರಿ ಬಳಗ