ವಿಷಯ: ನಿಮ್ಮ ಕೈಪಿಡಿಯಂತೆ ಮಾಡಿದ್ದಕ್ಕೆ ಒಂದು ಪ್ರೊಸೆಸರ್ ಪೂರ್ತಿ ಬಂದ್ ಆಗಿತ್ತು

ಸಪೋರ್ಟ್ ತಂಡದವರಿಗೆ ನಮಸ್ಕಾರ,

ನಿಮ್ಮಿಂದ ಬಾಡಿಗೆಗೆ ಪಡೆದ ಎರಡು ಪ್ರೊಸೆಸರ್‌ಗಳ ಲಿನಕ್ಸ್ ಸರ್ವರ್ ಬಗ್ಗೆ ಇದು ನನ್ನ ಮೂರನೇ ದೂರು. ಮೊದಲ ಎರಡಕ್ಕೂ "ರೀಬೂಟ್ ಮಾಡಿ ನೋಡಿ" ಅಂತಷ್ಟೇ ಉತ್ತರ ಬಂತು. ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಕಾರಣ ಈಗ ನಾನೇ ಹುಡುಕಿದ್ದೇನೆ. ದಯವಿಟ್ಟು ಈ ಸಲ ಪೂರ್ತಿ ಓದಿ.

ಒಂದೊಂದು ಪ್ರೊಸೆಸರ್‌ನಲ್ಲಿ 16 ಕೋರ್, ಕೋರ್‌ಗೆ ಎರಡು ಥ್ರೆಡ್, ಒಟ್ಟು 64. ಲಿನಕ್ಸ್ ಒಂದೊಂದು ಥ್ರೆಡ್ಡನ್ನೂ ಒಂದು ಸಿಪಿಯು ಅಂತ ಎಣಿಸಿ 0ರಿಂದ 63ರ ತನಕ ಸಂಖ್ಯೆ ಕೊಡುತ್ತದೆ. ಹೀಗೆ ಒಂದು ಕೋರ್ ಎರಡರಂತೆ ಕೆಲಸ ಮಾಡುವ ಹೈಪರ್‌ಥ್ರೆಡಿಂಗ್ ನಮಗೆ ಬೇಡವಾಗಿತ್ತು. ಬೆಸ ಸಂಖ್ಯೆಯ ಸಿಪಿಯುಗಳ ಆನ್‌ಲೈನ್ ಫೈಲಿಗೆಲ್ಲ 0 ಬರೆಯಿರಿ (ಅಂದರೆ ಅವನ್ನು ಆಫ್ ಮಾಡಿ), ಅದೇ ಕಮಾಂಡನ್ನು ಬೂಟ್ ಆಗುವಾಗ ಓಡುವ ಸ್ಕ್ರಿಪ್ಟ್‌ಗೂ ಸೇರಿಸಿ ಅಂತ ನಿಮ್ಮ ಕೈಪಿಡಿಯಲ್ಲಿತ್ತು. ಹಾಗೇ ಮಾಡಿದೆ. ಅವತ್ತಿಂದ ರಾತ್ರಿ ಎರಡು ಗಂಟೆಯಲ್ಲಿ ಮುಗಿಯುತ್ತಿದ್ದ ಡೇಟಾಬೇಸ್ ಕೆಲಸಕ್ಕೆ ಐದು ಗಂಟೆ ಹಿಡಿಯುತ್ತಿತ್ತು.

ನಿನ್ನೆ ಸಿಪಿಯುಗಳ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಕಮಾಂಡ್ ಹೊಡೆದು ಸಾಲುಸಾಲಾಗಿ ನೋಡಿದೆ. ನ್ಯೂಮಾ ನೋಡ್ ಅಂದರೆ ಇಲ್ಲಿ ಒಂದು ಪ್ರೊಸೆಸರ್ ಮತ್ತು ಅದರ ಪಕ್ಕದ ಮೆಮೊರಿ. ನೋಡ್ 0 ಎದುರು 0, 2, 4 ಅಂತ 62ರ ತನಕ ಇದೆ. ನೋಡ್ 1ರ ಎದುರು ಖಾಲಿ! ಈ ಯಂತ್ರದಲ್ಲಿ ಸಮ ಸಂಖ್ಯೆಗಳೆಲ್ಲ ಮೊದಲ ಪ್ರೊಸೆಸರ್‌ನವು, ಬೆಸ ಸಂಖ್ಯೆಗಳೆಲ್ಲ ಎರಡನೆಯದರವು. ಒಂದೇ ಕೋರ್‌ನಲ್ಲಿ 0ಯ ಜೋಡಿ ಥ್ರೆಡ್ 1 ಅಲ್ಲ, 32. ಥ್ರೆಡ್ ಸಿಬ್ಲಿಂಗ್ಸ್ ಲಿಸ್ಟ್ ಫೈಲ್ ತೆರೆದರೆ ಅದು ಸ್ಪಷ್ಟವಾಗಿ ಕಾಣುತ್ತದೆ. ಅಂದರೆ ನಾವು ಹೈಪರ್‌ಥ್ರೆಡಿಂಗ್ ತೆಗೆಯಲೇ ಇಲ್ಲ, ಒಂದು ಪ್ರೊಸೆಸರನ್ನೇ ಮಲಗಿಸಿಬಿಟ್ಟೆವು, ಅದರ ಪಕ್ಕದ ಮೆಮೊರಿಯಲ್ಲಿರುವ ಡೇಟಾಕ್ಕೂ ಇನ್ನೊಂದು ಪ್ರೊಸೆಸರ್ ದೂರದಿಂದ ಕೈಚಾಚಬೇಕಿತ್ತು. ರೀಬೂಟ್ ಮಾಡಿದರೆ ಎಲ್ಲ ಸಿಪಿಯುಗಳೂ ಎದ್ದೇಳುತ್ತವೆ ನಿಜ, ಆದರೆ ನೀವು ಹಾಕಿಸಿದ ಸ್ಕ್ರಿಪ್ಟ್ ಮತ್ತೆ ಅವೇ 32ನ್ನು ಆಫ್ ಮಾಡುತ್ತದೆ ಅಲ್ವಾ? ಎರಡು ದೂರು ಬಂದರೂ ನಿಮ್ಮಲ್ಲಿ ಒಬ್ಬರೂ ಆ ಸ್ಕ್ರಿಪ್ಟ್ ನೋಡಲಿಲ್ಲ ಅನ್ನೋದೇ ನನಗೆ ಜಾಸ್ತಿ ಬೇಜಾರು.

ಲಿನಕ್ಸ್ ಕರ್ನಲ್ 4.19ರಿಂದ ಇದಕ್ಕೆ ಎಸ್‌ಎಂಟಿ (ಹೈಪರ್‌ಥ್ರೆಡಿಂಗ್‌ನ ಸಾಮಾನ್ಯ ಹೆಸರು) ಕಂಟ್ರೋಲ್ ಅಂತ ಒಂದು ಫೈಲೇ ಇದೆ. ಅದಕ್ಕೆ ಆಫ್ ಅಂತ ಬರೆದರೆ ಯಾವುದು ಯಾವುದರ ಜೋಡಿ ಅಂತ ಕರ್ನಲ್ಲೇ ನೋಡಿಕೊಳ್ಳುತ್ತದೆ. ಸ್ಕ್ರಿಪ್ಟ್ ತೆಗೆದು, ರೀಬೂಟ್ ಮಾಡಿ ನಾನು ಹಾಗೇ ಮಾಡಿದೆ, ನಿನ್ನೆ ರಾತ್ರಿ ಕೆಲಸ ಮತ್ತೆ ಎರಡೇ ಗಂಟೆಯಲ್ಲಿ ಮುಗಿಯಿತು.

ಕೈಪಿಡಿಯ ಆ ಪುಟವನ್ನು ಇವತ್ತೇ ತೆಗೆದು ಸರಿಪಡಿಸಿ. ಅದನ್ನು ನಂಬಿ ಇದೇ ಮಾದರಿಯ ಸರ್ವರ್‌ನಲ್ಲಿ ಹೀಗೆ ಮಾಡಿಕೊಂಡಿರುವ ಬೇರೆ ಗ್ರಾಹಕರಿಗೂ ತಿಳಿಸಿ, ಅವರಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಅರ್ಧ ಯಂತ್ರ ಸುಮ್ನೆ ಬಿದ್ದಿದ್ದ ಮೂರು ವಾರದ ಬಾಡಿಗೆಯಲ್ಲಿ ಅರ್ಧ ನಮಗೆ ವಾಪಸ್ ಬರಬೇಕು. ಎಲ್‌ಎಸ್‌ಸಿಪಿಯು ಔಟ್‌ಪುಟ್, ಸ್ಕ್ರಿಪ್ಟ್ ಎರಡನ್ನೂ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ