ಭಾನುವಾರ ಚಾರ್ಮಾಡಿ: ಕಾರು ತರುವವರು ಬ್ರೇಕ್ ನೋಡಿಸಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಚಿಕ್ಕಮಗಳೂರು ಬಿಟ್ಟು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ. ಕಾರು ತರುವ ಆರೂ ಜನ ಶುಕ್ರವಾರದೊಳಗೆ ಬ್ರೇಕ್ ನೋಡಿಸಿ.

ಹೋದ ತಿಂಗಳು ಬ್ರೇಕ್ ಒತ್ತಿದರೆ ಸಾಕು, ನನ್ನ ಕಾರಿನ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಅಲೈನ್‌ಮೆಂಟ್ ಅಂತ ದುಡ್ಡು ಸುರಿದೆ, ನಡುಕ ಹೋಗಲಿಲ್ಲ. ಚಕ್ರ ಬಿಚ್ಚಿ ನೋಡಿದರೆ ಮುಂದಿನ ಡಿಸ್ಕ್ (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ) ಒಂದು ಕಡೆ ದಪ್ಪ, ಒಂದು ಕಡೆ ತೆಳು! ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಮೊದಲು ಡಿಸ್ಕ್ ನೋಡಿಸಿ. ಒತ್ತದೇ ಇದ್ದರೂ 80ರ ವೇಗದಲ್ಲಿ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಸುಮ್ಮನಿದ್ದು ಸೀಟು ಅದುರಿದರೆ ಹಿಂದಿನ ಬ್ರೇಕ್ ಡ್ರಮ್ ಮೇಲೆ ಅನುಮಾನ.

ಬ್ರೇಕ್ ಕೀಂಯ್ ಅಂದರೆ ಪ್ಯಾಡ್ (ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಸವೆದಿರಬಹುದು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಕರಕರ ಅಂದರೆ ಗಾಡಿ ತೆಗೆಯಲೇಬೇಡಿ. ರಾತ್ರಿ ಮಳೆಗೆ ನೆನೆದ ಕಾರು ಬೆಳಿಗ್ಗೆ ಎರಡು ಮೂರು ಬ್ರೇಕಿಗೆ ಸದ್ದು ಮಾಡಿ ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತುಕ್ಕು ಅಷ್ಟೆ, ನಮ್ಮ ಮಲೆನಾಡಿನಲ್ಲಿ ಇದು ಮಾಮೂಲಿ.

ಗ್ಯಾರೇಜಿನಲ್ಲಿ ಹೊರಗಿಂದಲೇ ಬಗ್ಗಿ ನೋಡಿ "ಸರಿ ಇದೆ" ಅಂದರೆ ಒಪ್ಪಬೇಡಿ, ಚಕ್ರ ಬಿಚ್ಚಿಸಿ. ಪ್ಯಾಡ್ 3 ಮಿ.ಮೀ.ಗೆ ಬಂದಿದ್ದರೆ ಬದಲಿಸಿ, ಎಡಬಲ ಎರಡೂ ಕಡೆ. ಬ್ರೇಕ್ ಆಯಿಲ್ ಹಾಕಿಸಿ 2 ವರ್ಷ ಆಗಿದ್ದರೆ ಅದೂ ಹೊಸದಾಗಲಿ. ಘಾಟಿಯಲ್ಲಿ ಎರಡನೇ ಗೇರ್, ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಮಾಡೋದು ಬೇಡ ಮಾರಾಯ್ರೇ.

ನೋಡಿಸಿದವರು ಇಲ್ಲೇ "ಆಯ್ತು" ಅಂತ ಹಾಕಿ. ಕಾರು ರೆಡಿ ಆಗದವರು ಶುಕ್ರವಾರ ಸಂಜೆಯೊಳಗೆ ಹೇಳಿ, ನನ್ನ ಕಾರಿನಲ್ಲಿ 3 ಸೀಟು ಖಾಲಿ ಇದೆ.