ಮಗಳಿಗೊಂದು ಪತ್ರ: ನಿನ್ನ ಪಾಳು ಲೋಕದ ಜನರ ಬಗ್ಗೆ

ಪ್ರೀತಿಯ ಮಗಳೇ,

ನೀನು ಕಳಿಸಿದ ಕತೆಯ ಮೊದಲ ಅಧ್ಯಾಯ ಓದಿದೆ. ಪಾಳುಬಿದ್ದ ಲೋಕ, ಒಂದು ಕಾಲಕ್ಕೆ ಸಾವಿನ ದೇವರುಗಳನ್ನು ಪೂಜಿಸಿದ ಜನ, ಮುರಿದ ಗುಡಿಗಳು. ದೇವರುಗಳ ಹೆಸರು, ಆಯುಧ, ಸಿಟ್ಟು ಎಲ್ಲಾ ಚೆನ್ನಾಗಿ ಬರೆದಿದ್ದೀಯ. ಆದರೆ ಆ ಜನ ಏನು ಉಣ್ಣುತ್ತಿದ್ದರು, ಗುಡಿಗೆ ಕಲ್ಲು ಎಲ್ಲಿಂದ ತಂದರು, ಯಾರು ಸತ್ತಾಗ ಅತ್ತರು ಅನ್ನೋದು ಎಲ್ಲೂ ಸಿಗಲಿಲ್ಲ. ಜನರೇ ಇಲ್ಲದೆ ದೇವರು ಎಲ್ಲಿಂದ ಬರಬೇಕು ಯವ್ವಾ?

ನಮ್ಮ ಗಂಗಾವತಿ ಪಕ್ಕದ ಹಿರೇಬೆಣಕಲ್ ಗುಡ್ಡವನ್ನೇ ನೆನೆಸಿಕೋ. ಅಲ್ಲಿ ಸುಮಾರು 400 ಶಿಲಾ ಸಮಾಧಿಗಳಿವೆ. ಕಟ್ಟಿ 2,000 ವರ್ಷಕ್ಕೂ ಮೇಲಾಯಿತು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಆ ಜಾಗ ಸೇರಿತು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ. ಎಷ್ಟೋ ಸಮಾಧಿಗಳ ಒಂದು ಬದಿಯಲ್ಲಿ ದುಂಡಗಿನ ಕಿಂಡಿ ಕೊರೆದಿದ್ದಾರೆ. ಗಟ್ಟಿ ಕಲ್ಲಿನಲ್ಲಿ ಅಷ್ಟು ನೀಟಾದ ಕಿಂಡಿ! ಅದು ಯಾಕೆ, ಸತ್ತವರು ಹೊರಗೆ ಬರಲಿ ಅಂತಲಾ, ಬದುಕಿದ್ದವರು ಒಳಗೆ ಏನಾದರೂ ಇಡಲಿ ಅಂತಲಾ? ನನ್ನ ಮನಸ್ಸು ಎರಡನೆಯದಕ್ಕೇ ವಾಲುತ್ತದೆ.

ಅಲ್ಲಿ ನಿಂತಾಗ ನನಗೆ ಹೆದರಿಕೆ ಆಗೋದಿಲ್ಲ. ಆ ಚಪ್ಪಡಿ ಎತ್ತಬೇಕಾದರೆ ಊರಿಗೆ ಊರೇ ಕೈ ಹಾಕಿರಬೇಕು. ಅವತ್ತಿನ ದುಡಿಮೆ ಬಿಟ್ಟು ಬಂದಿರಬೇಕು. ಬಂದವರಿಗೆಲ್ಲ ಯಾರೋ ಅಡುಗೆ ಮಾಡಿ ಬಡಿಸಿರಬೇಕು. ಗುಡ್ಡದ ಮೇಲೆ ನಗಾರಿಯಂತಹ ದೊಡ್ಡ ಕಲ್ಲುಗುಂಡು ಇದೆಯಲ್ಲ, ಬಡಿದರೆ ಸದ್ದು ದೂರದವರೆಗೂ ಹೋಗುತ್ತದೆ. ಯಾರಾದರೂ ಸತ್ತರೆ ಅದನ್ನೇ ಬಡಿದು ಸುತ್ತಲಿನವರನ್ನು ಕರೆಯುತ್ತಿದ್ದರೇನೋ ಅಂತ ನನಗನಿಸುತ್ತದೆ. ಬಂಡೆಗಳ ನೆರಳಲ್ಲಿ ಕೆಂಪು ಬಣ್ಣದ ಚಿತ್ರಗಳೂ ಇವೆ. ಅದರಲ್ಲಿ ಕೈ ಕೈ ಹಿಡಿದು ಕುಣಿಯುವವರಿದ್ದಾರೆ. ನಿನ್ನ ಕತೆಯಲ್ಲಿ ಒಬ್ಬರೂ ಕುಣಿಯೋದಿಲ್ಲ.

ಇನ್ನೊಂದು ಮಾತು. ಪಾಳುಬಿದ್ದ ಜಾಗ ಸುಮ್ನೆ ಖಾಲಿ ಇರೋದಿಲ್ಲ. ಆಮೇಲೆ ಬಂದವರು ಅದಕ್ಕೆ ತಮ್ಮದೇ ಕತೆ ಕಟ್ಟುತ್ತಾರೆ. ಹಿರೇಬೆಣಕಲ್ಲಿನ ಸಮಾಧಿಗಳನ್ನು ನಮ್ಮ ಜನ ಮೋರ್ಯರ ಮನೆ ಅಂತಾರೆ, ಗಿಡ್ಡ ಜನ ಅಲ್ಲಿ ಬಾಳಿದ್ದರು ಅಂತಾರೆ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಬೂದಿಯ ದಿಬ್ಬ ಇದೆ. ವಾಲಿಯನ್ನು ಸುಟ್ಟ ಜಾಗ ಅಂತ ಅದನ್ನು ತೋರಿಸುತ್ತಾರೆ. ಬಳ್ಳಾರಿ ರಸ್ತೆಯ ಕುಡತಿನಿಯಲ್ಲೂ ಅಂಥದೇ ಬೂದಿ ದಿಬ್ಬ ಇದೆ. ಅಗೆದು ನೋಡಿದವರು ಹೇಳೋದು ಬೇರೆ: ಸಾವಿರಾರು ವರ್ಷದ ಹಿಂದೆ ದನ ಸಾಕುತ್ತಿದ್ದವರು ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟ ಬೂದಿ ಅದು. ನೋಡು, ಚಿತೆ ಅಂದುಕೊಂಡದ್ದು ದನದ ಹಟ್ಟಿ! ಅದು ತಿಳಿದ ಮೇಲೆ ನನಗಂತೂ ಆ ದಿಬ್ಬದ ಮೇಲೆ ಪ್ರೀತಿ ಜಾಸ್ತಿಯೇ ಆಯಿತು.

ಅದಕ್ಕೇ ಕೇಳುತ್ತೇನೆ. ನಿನ್ನ ಲೋಕದ ಜನ ನಿಜವಾಗಿ ಸಾವನ್ನೇ ಪೂಜಿಸಿದರಾ? ಇಲ್ಲಾ, ಅವರ ಸಮಾಧಿಗಳನ್ನು ಮಾತ್ರ ನೋಡಿದ ಯಾರೋ ಹಾಗೆ ಅಂದುಬಿಟ್ಟರಾ? ಮನೆಗಳು ಮಣ್ಣಿನವು, ಕರಗಿಹೋದವು. ಸಮಾಧಿ ಕಲ್ಲಿನದು, ಉಳಿಯಿತು. ಎರಡನೇ ಅಧ್ಯಾಯಕ್ಕೆ ಕುರಿ ಕಾಯುವ ಒಬ್ಬ ಹುಡುಗಿಯನ್ನು ತಾ. ಆ ಮುರಿದ ಗುಡಿಯ ನೆರಳಲ್ಲಿ ಅವಳು ಬುತ್ತಿ ಬಿಚ್ಚಲಿ, ದೇವರುಗಳ ಕತೆಯನ್ನು ಅವಳ ಬಾಯಿಂದಲೇ ಹೇಳಿಸು. ತಪ್ಪಾಗಿ ಹೇಳಿದರೂ ತಡೀಬೇಡ. ಬರೆದ ಕೂಡಲೇ ನನಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅವ್ವ